ಗೂಡ್ಸ್ ಹಳಿಗೆ ಹೋದ ಲೋಕಲ್

1996ರ ಶ್ರಾವಣದ ಒಂದು ರವಿವಾರ ಬೆಳಿಗ್ಗೆ, ಲೋಣಾವಳಾ ಕಡೆಯಿಂದ ಪುಣೆಗೆ ಬರುತ್ತಿದ್ದ ಒಂದು ಲೋಕಲ್ ರೈಲು ಮುಖ್ಯ ಹಳಿಯಿಂದ ಪಕ್ಕದ ಗೂಡ್ಸ್ ಹಳಿಗೆ ಹೊರಳಿ, ಸ್ವಲ್ಪ ದೂರ ಹೋಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಆ ಗಾಡಿಯಲ್ಲಿ ನನ್ನ ತಂಗಿಯನ್ನು ನೋಡಲು ಹೊರಟಿದ್ದ ಮೂವರಿದ್ದರು.

ಇವತ್ತು ಇದನ್ನು ಹೀಗೆ ಬರೆಯಬಲ್ಲೆ. ಅಂದು ಅಪ್ಪ, ಅವ್ವ ನಂಬಲಿಲ್ಲ. ನಾನೂ ನಂಬಲಿಲ್ಲ.

ನಮ್ಮ ಮನೆ ಶಿವಾಜಿನಗರ ಸ್ಟೇಷನ್ನಿನಿಂದ ನಡೆದು ಬರುವಷ್ಟು ದೂರದಲ್ಲಿತ್ತು. ವಿಜಾಪುರ ಕಡೆಯಿಂದ ಬಂದ ಅಪ್ಪ ಒಂದು ಕಾಳಿನ ಅಡತಿ ಅಂಗಡಿಯಲ್ಲಿ ಗುಮಾಸ್ತರು. ನಾನು ಪತ್ರಿಕೆಯೊಂದರಲ್ಲಿ ಉಪಸಂಪಾದಕ. ಹುಡುಗನ ಮನೆಯವರು ಚಿಂಚವಾಡದವರು. ಹತ್ತು ಗಂಟೆಗೆ ಬರುತ್ತೇವೆ ಎಂದಿದ್ದವರು ಹುಡುಗ, ಅವನ ತಾಯಿ ಮತ್ತು ಸೋದರಮಾವ. ಬಂದಾಗ ಒಂದು ಗಂಟೆ ದಾಟಿತ್ತು. ಅವ್ವ ಮಾಡಿದ್ದ ಶಿರಾ ಗಟ್ಟಿಯಾಗಿತ್ತು.

ತಡವಾಗಿದ್ದಕ್ಕೆ ಸೋದರಮಾವ ಕಾರಣ ಹೇಳಿದರು. ಡ್ರೈವರ್ ಬೇರೆ ಹಳಿ ಹಿಡಿದ, ಗಾಡಿ ಹಿಂದಕ್ಕೆ ತರಲು ಅಪ್ಪಣೆ ಸಿಗಲಿಲ್ಲ, ಕೊನೆಗೆ ಜನ ಕೆಳಗೆ ಧುಮುಕಿ ನಡೆದು ಬಂದರು ಎಂದರು.

ಅಪ್ಪ ಕನ್ನಡಕ ತೆಗೆದು ಒರೆಸಿದರು. "ರೈಲು ಏನ್ ಎತ್ತಿನ ಬಂಡಿ ಏನ್ರಿ, ದಾರಿ ತಪ್ಪಲಿಕ್ಕೆ?"

"ಬಂಡಿ ಆಗಿದ್ರ ಚಿಂತಿ ಇರಲಿಲ್ರಿ," ಎಂದರು ಸೋದರಮಾವ. "ಎತ್ತಿಗೆ ದಾರಿ ಗೊತ್ತಿರತದ."

ಹುಡುಗ ನಕ್ಕ. ಅಪ್ಪ ನಗಲಿಲ್ಲ.

ಅಪ್ಪನ ಅನುಮಾನಕ್ಕೆ ಆಧಾರವಿತ್ತು. ಹಿಂದಿನ ವರ್ಷ ಒಂದು ಮನೆಯವರು ಒಂದೇ ಬೆಳಿಗ್ಗೆ ಇಬ್ಬರು ಹುಡುಗಿಯರನ್ನು ನೋಡಿದ್ದರು. ನಮ್ಮಲ್ಲಿ ಚಹಾ ಕುಡಿದು, ಇನ್ನೊಂದು ಮನೆಯಲ್ಲಿ ಊಟ ಮಾಡಿ, ಆ ಹುಡುಗಿಯನ್ನೇ ಒಪ್ಪಿದರು. ವಿಷಯ ನಮಗೆ ಗೊತ್ತಾದದ್ದು ಅವರ ಲಗ್ನಪತ್ರಿಕೆ ಬಂದ ಮೇಲೆ. ಅದಾದ ಮೇಲೆ ತಂಗಿ, ಇನ್ನೊಂದು ಸಲ ಮಾತ್ರ ಚಹಾದ ತಟ್ಟೆ ಹಿಡಿದು ಹೊರಗೆ ಬರುತ್ತೇನೆ, ಮುಂದೆ ಈ ಮಾತು ತೆಗೆಯಬೇಡಿ ಎಂದಿದ್ದಳು. ಆ ಇನ್ನೊಂದು ಸಲ ಇದೇ.

ಈ ಸಲ ಅವ್ವನೂ ಎರಡು ಸಂಗತಿ ಗಮನಿಸಿದ್ದಳು. ಹುಡುಗನ ತಾಯಿ ಶಿರಾವನ್ನು ಚಮಚೆಯ ತುದಿಯಲ್ಲಿ ಮುಟ್ಟಿ, ಹೊಟ್ಟೆ ತುಂಬಿದೆ ಎಂದಿದ್ದರು. ಮೇಲಾಗಿ ಅವರ ಹಣೆಯ ಮೇಲೆ ಹಸಿ ಕುಂಕುಮವಿತ್ತು. ಬೆಳಿಗ್ಗೆ ಮನೆಯಲ್ಲಿ ಇಟ್ಟುಕೊಂಡದ್ದರ ಮೇಲೆ ಬೇರೆ ಯಾರೋ ಬೆರಳಿನಿಂದ ಹಚ್ಚಿದ ಕುಂಕುಮ ಅದು. ಮುತ್ತೈದೆಗೆ ಯಾವುದೋ ಮನೆಯಿಂದ ಹೊರಡುವಾಗ ಹಚ್ಚುವ ಕುಂಕುಮ. ಅವ್ವ ಕೇಳಿದಾಗ ಅವರು, "ದಾರ್ಯಾಗ ಒಬ್ಬಾಕಿ ಹಚ್ಚಿದಳ್ರಿ," ಎಂದಷ್ಟೇ ಹೇಳಿದರು.

ಅವರು ಹೋದ ಮೇಲೆ ಅಪ್ಪ ತೀರ್ಪು ಕೊಟ್ಟರು. "ಇನ್ನೊಂದು ಮನೀಗೆ ಹೋಗಿ ಉಂಡು ಬಂದಾರ. ರೈಲಿನ ಮ್ಯಾಲೆ ಹಾಕ್ಯಾರ. ನಾಳೆ ಸಂಜಿಗೆ ಬ್ಯಾಡ ಅಂತ ಹೇಳಿ ಕಳಸ್ತೀನಿ."

ನನ್ನ ಕೆಲಸದ ರೂಢಿಯಂತೆ ನಾನು ಸ್ಟೇಷನ್ನಿಗೆ ಫೋನ್ ಮಾಡಿ ವಿಚಾರಿಸಿದೆ. ಲೋಕಲ್‌ಗಳು ತಡವಾಗಿ ಓಡಿದ್ದು ನಿಜ ಎಂದರು. ಕಾರಣ ಕೇಳಿದರೆ ತಾಂತ್ರಿಕ ಎಂದರು. ತಪ್ಪು ಹಳಿಯ ಮಾತು ತೆಗೆದಾಗ ಫೋನ್ ಇಟ್ಟರು. ಮರುದಿನದ ಯಾವ ಪತ್ರಿಕೆಯಲ್ಲೂ ಸುದ್ದಿ ಇರಲಿಲ್ಲ, ನಮ್ಮದರಲ್ಲೂ ಇರಲಿಲ್ಲ. ನಿವೃತ್ತ ಗಾರ್ಡ್ ಒಬ್ಬರು ನನಗೆ ಪರಿಚಯವಿದ್ದರು. ಅವರನ್ನು ಕೇಳಿದಾಗ, ಡ್ರೈವರನ ಕೈಯಲ್ಲಿ ಗಾಡಿ ತಿರುಗಿಸುವ ಚಕ್ರವಿಲ್ಲ, ಹಳಿ ಜೋಡಿಸುವವರು ಸಿಗ್ನಲ್ ಕ್ಯಾಬಿನ್ನಿನವರು ಎಂದರು. ಸಿಗ್ನಲ್ ಬೇರೆ ದಾರಿಗೆ ಬಿದ್ದಿದ್ದರೆ ಡ್ರೈವರ್ ಅಲ್ಲೇ ನಿಂತು ಕೇಳಬೇಕು. ಕೇಳದೆ ಮುಂದೆ ಹೋದರೆ ಗಾಡಿ ಆ ಹಳಿಗೇ ಹೋಗುತ್ತದೆ. ಅಂದರೆ ಹೀಗೆ ಆಗಬಹುದು. ಆಗಿದೆ ಎನ್ನುವುದಕ್ಕೆ ಇದು ಸಾಕ್ಷಿಯಲ್ಲ.

ಸೋಮವಾರ ಬೆಳಿಗ್ಗೆ ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ತಂಗಿ ನನ್ನನ್ನು ಕರೆದಳು.

"ಅಣ್ಣಾ, ನೀವೆಲ್ಲಾ ಅವರ ಹಣಿ ನೋಡೀರಿ. ನಾ ಕಾಲು ನೋಡೇನಿ."

ನಮಸ್ಕಾರ ಮಾಡಲು ಬಗ್ಗಿದವಳು ಅವಳೊಬ್ಬಳೇ. ಹುಡುಗನ ತಾಯಿಯ ಸೀರೆಯ ಅಂಚಿಗೆ ಉತ್ತರಾಣಿ ಗಿಡದ ಮುಳ್ಳುಬೀಜ ಸಾಲಾಗಿ ಅಂಟಿದ್ದವಂತೆ. ಒಂದು ಪಾದ ಬಾತು, ಚಪ್ಪಲಿಯ ಪಟ್ಟಿ ಮೂಡಿದ ಗುರುತಿತ್ತಂತೆ. ಸೋದರಮಾವನ ಧೋತರಕ್ಕೆ ಗ್ರೀಸಿನ ಮಸಿ ಮೆತ್ತಿತ್ತಂತೆ.

"ಉತ್ತರಾಣಿ ಎಲ್ಲಿ ಬೇಕಾದಲ್ಲಿ ಹತ್ತತದ," ಎಂದೆ.

"ಉಂಡು ಬಂದವರಿಗೆ ಹತ್ತತದೇನು? ಮತ್ತೊಂದು ಹುಡುಗಿ ಮನ್ಯಾಗ ಅವರನ್ನ ಹುಲ್ಲಾಗ ಕೂಡಿಸಿ ಊಟಕ್ಕ ಹಾಕಿದ್ರೇನು?" ಬಟ್ಟೆಯ ಕ್ಲಿಪ್ಪನ್ನು ಬಾಯಿಯಿಂದ ತೆಗೆದು ಹಗ್ಗಕ್ಕೆ ಸಿಕ್ಕಿಸಿದಳು. "ನಿಮ್ಮ ಪೇಪರಿನವರು ಹೋಗಿ ನೋಡದ ಬರೀತಾರೇನು?"

ಮಧ್ಯಾಹ್ನ ಇಬ್ಬರೂ ಲೋಕಲ್ ಹತ್ತಿದೆವು. ಸೋದರಮಾವ ಹೇಳಿದ್ದ ಸ್ಟೇಷನ್ನಿನಲ್ಲಿ ಇಳಿದು ಹಳಿಯ ಬದಿಗೆ ನಡೆದೆವು. ಗೂಡ್ಸ್ ಹಳಿಯ ಎರಡೂ ಕಡೆ ಉತ್ತರಾಣಿ ಮೊಣಕಾಲೆತ್ತರ ಬೆಳೆದಿತ್ತು. ಹಳಿಗೆ ತುಕ್ಕು ಹಿಡಿದಿತ್ತು. ಆದರೆ ಮುಖ್ಯ ಹಳಿಯಿಂದ ಒಂದಷ್ಟು ದೂರದವರೆಗೆ ಅದರ ನೆತ್ತಿ ಉಜ್ಜಿ ಹೊಳೆಯುತ್ತಿತ್ತು. ಅಲ್ಲಿಂದಾಚೆಗೆ ಕಂದು ಬಣ್ಣ. ಗೂಡ್ಸ್ ಗಾಡಿ ಬಂದು ಹೋಗಿದ್ದರೂ ಹೀಗೇ ಹೊಳೆಯುತ್ತದೆ ಎಂದು ತಂಗಿಗೆ ಹೇಳಿದೆ. ಅವಳು ಆ ಹೊಳಪಿನ ಗುಂಟ ಮುಂದೆ ನಡೆದಳು.

ಹೊಳಪು ಮುಗಿದ ಜಾಗದ ಎದುರಿಗೆ ತಗಡಿನ ಒಂದು ಮನೆ. ಹಳಿ ಕೆಲಸದವನ ಹೆಂಡತಿ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಮರಾಠಿಯಲ್ಲಿ ಮಾತಾಡಿಸಿದೆವು. ನಮ್ಮಿಬ್ಬರ ನಡುವಿನ ಮಾತು ಕೇಳಿ ಅವಳೇ ಕನ್ನಡಕ್ಕೆ ತಿರುಗಿದಳು. ಕಲಬುರಗಿ ಕಡೆಯವಳು.

"ಬಂದಿತ್ರಿ ಅಕ್ಕಾ, ಮಂದಿ ತುಂಬಿದ ಗಾಡಿ. ಇಲ್ಲಿ ಬರೇ ಕಲ್ಲು, ಸಿಮೆಂಟಿನ ಗಾಡಿ ಬರತಾವ. ಡ್ರೈವರ ಕೆಳಗ ಇಳದು, ಬಾಯೀ, ಇದು ಯಾವ ಲೈನು ಅಂತ ನನಗ ಕೇಳಿದ. ನಾ ಅಂದೆ, ಸಾಹೇಬ್, ಗಾಡಿ ಓಡಿಸಾವ ನೀನು, ನನಗ ಕೇಳ್ತಿ?"

"ಆಮ್ಯಾಲೆ?" ಎಂದಳು ತಂಗಿ.

"ಆಮ್ಯಾಲೇನ್ರಿ, ತಲೀ ಹಿಡಕೊಂಡು ಆ ಕಲ್ಲಿನ ಮ್ಯಾಲೆ ಕುಂತ. ಮಂದಿ ಅವಗ ಬೈದು ಬೈದು ನೀರು ಕೇಳಲಿಕ್ಕೆ ಬಂದ್ರು. ಒಬ್ಬಾಕಿ ನಮ್ಮ ಕಡಿ ಮಾತಾಡಿದಳು, ಕಾಲು ಉಳುಕಿಸಿಕೊಂಡಿದ್ದಳು. ಕೂಡಿಸಿ ಅವಲಕ್ಕಿ, ಚಹಾ ಕೊಟ್ಟೆ. ಕುಂಕುಮ ಹಚ್ಚದ ಮುತ್ತೈದಿನ ಹ್ಯಾಂಗ ಕಳಸೂದ್ರಿ?"

ಹೊರಡುವಾಗ ಅವಳು ತಂಗಿಯ ಹಣೆಗೂ ಕುಂಕುಮ ಹಚ್ಚಿದಳು.

ಸಂಜೆ ಅಪ್ಪನಿಗೆ ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಅವರು ತಂಗಿಯ ಹಣೆ ನೋಡಿದರು. "ಆಕಿಗೆ ಯಾರರ ಹೇಳಿಕೊಟ್ಟಿದ್ರ? ಒಂದು ಬಾಯಿ ಮಾತು ನಿಮ್ಮ ಆಫೀಸಿನಾಗ ನಡೀತದೇನು?"

ನಡೆಯುವುದಿಲ್ಲ ಎಂದು ಒಪ್ಪಿಕೊಂಡೆ. ತಂಗಿ ಎದ್ದು ಒಳಗೆ ಹೋದಳು. ಬೇಡ ಎಂಬ ಮಾತನ್ನು ಅಪ್ಪ ಅಂದು ಕಳಿಸಲಿಲ್ಲ, ಆದರೆ ಹೂಂ ಎಂದೂ ಹೇಳಲಿಲ್ಲ.

ಮಂಗಳವಾರ ಅಪ್ಪ ಅಡತಿಯಿಂದ ತಡವಾಗಿ ಬಂದರು. ಎಲ್ಲಿಗೆ ಹೋಗಿದ್ದಿರಿ ಎಂದು ಅವ್ವ ಕೇಳಿದ್ದಕ್ಕೆ, ಕೆಲಸವಿತ್ತು ಎಂದರು. ಕಾಲಿಗೆ ನೀರು ಕೊಡಲು ಹೋದ ತಂಗಿ ತಂಬಿಗೆ ಹಿಡಿದೇ ನಿಂತಳು. ಅಪ್ಪನ ಧೋತರದ ಅಂಚಿನ ತುಂಬ ಉತ್ತರಾಣಿ ಬೀಜ. ಅವಳು ಕೂತು ಒಂದೊಂದಾಗಿ ಕಿತ್ತಳು. ಅಪ್ಪ ಗೋಡೆ ನೋಡುತ್ತ ನಿಂತಿದ್ದರು.

"ಅವರ ಕಾಲು ಬಾವು ಇಳೀತೇನಂತ ಕೇಳಬೇಕು," ಎಂದರು ಕೊನೆಗೆ. "ನಾಳೆ ಚಿಂಚವಾಡಕ್ಕ ಹೋಗಿ ಬರ್ತೀನಿ."

ಮದುವೆ ಮುಂದಿನ ವೈಶಾಖದಲ್ಲಿ ಆಯಿತು. ಅಪ್ಪ ಹಟ ಹಿಡಿದದ್ದರಿಂದ ಗಂಡಿನ ಕಡೆಯವರು ಬಸ್ಸಿನಲ್ಲಿ ಬಂದರು. ಆ ಡ್ರೈವರನಿಗೆ ಏನಾಯಿತೆಂದು ನಾನು ಎರಡು ಸಲ ವಿಚಾರಿಸಿದೆ, ತಿಳಿಯಲಿಲ್ಲ. ತಂಗಿ ಈಗಲೂ ಚಿಂಚವಾಡದಲ್ಲಿದ್ದಾಳೆ, ಸ್ಟೇಷನ್ನಿಗೆ ಹತ್ತಿರ. 2008ರ ದೀಪಾವಳಿಗೂ ಅಪ್ಪ ಅವಳ ಮನೆಗೆ ಹೋದದ್ದು ಲೋಕಲ್ ಬಿಟ್ಟು, ಎರಡು ಸಿಟಿ ಬಸ್ ಬದಲಿಸಿ.