ಸೋಮವಾರದ ಉಪವಾಸ

ಸವಳಂಗದ ನಮ್ಮ ಮನೆಯಲ್ಲಿ ನಾಯಿಗೆ ಒಳಗೆ ಜಾಗವಿರಲಿಲ್ಲ. ಅದು ಕೊಟ್ಟಿಗೆಯಲ್ಲಿ ದನಗಳ ಪಕ್ಕ ಮಲಗುತ್ತಿತ್ತು. ಶ್ರಾವಣದ ಒಂದು ಸೋಮವಾರ ಹಾಕಿದ ರೊಟ್ಟಿಯನ್ನು ಅದು ಮೂಸಿಯೂ ನೋಡಲಿಲ್ಲ. "ನೋಡ್ರಿ, ನಮ್ ನಾಯೀನೂ ಉಪಾಸ ಐತೆ" ಎಂದು ಅವ್ವ ಬೀದಿಗೆಲ್ಲ ಹೇಳಿ, ಅದರ ಹಣೆಗೆ ವಿಭೂತಿ ಹಚ್ಚಿದಳು. ನೆರೆಯವರು ಬಂದು ಕೈಮುಗಿದರು. ಭಕ್ತಿಯಂತೆ, ಭಕ್ತಿ! ಕಿವಿಯೊಳಗೆ ರಕ್ತ ಹೀರಿ ಹರಳುಬೀಜದಂತೆ ಊದಿಕೊಂಡಿದ್ದ ಉಣ್ಣೆಗಳನ್ನು ಒಬ್ಬರೂ ನೋಡಲಿಲ್ಲ.

ಮರುದಿನವೂ ತಿನ್ನದಿದ್ದಾಗ ದನದ ಡಾಕ್ಟರನ್ನು ಕರೆಸಿದೆವು. ಅವರು ನಾಯಿಯ ತುಟಿ ಎತ್ತಿ ಬಿಳಿಚಿದ ಒಸಡು ತೋರಿಸಿದರು. "ಉಣ್ಣೆಯಿಂದ ಬಂದ ಜ್ವರ. ಮೈಯಾಗೆ ರಕ್ತಾನೇ ಇಲ್ಲ, ತಡ ಮಾಡಿದ್ರಿ."

ಸಂಜೆ ಹಿತ್ತಲಲ್ಲಿ ಅದನ್ನು ಗುಂಡಿಗೆ ಇಳಿಸುವಾಗ ಹಣೆಯ ವಿಭೂತಿ ಹಾಗೇ ಇತ್ತು. ಉಣ್ಣೆಗಳು ಮಾತ್ರ ಹೊಟ್ಟೆ ತುಂಬಿಸಿಕೊಂಡು, ತಣ್ಣಗಾದ ಮೈಯಿಂದ ಇಳಿದು ಹೊರಟಿದ್ದವು.