ಬಾತುಮರಿಯ ಮುಂದೆ ಹಿಂದಕ್ಕೆ ನಡೆದವಳು

ಒಡೆಟ್ಟಾ ಗ್ರೈಮ್ಸ್‌ಗೆ ಅರವತ್ತು ದಾಟಿದೆ. ನ್ಯೂಯಾರ್ಕಿನ ದೊಡ್ಡ ಅಂಗಡಿಯೊಂದರಲ್ಲಿ, ಗಿರಾಕಿಗಳು ವಾಪಸು ತಂದ ಸಾಮಾನನ್ನೂ ಜೊತೆಗೆ ಅವರ ಬೈಗುಳವನ್ನೂ ತೆಗೆದುಕೊಳ್ಳುವ ಕೆಲಸ. ಆದರೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬೆಳಿಗ್ಗೆ, ಅದೇ ಅಂಗಡಿಯ ಮೆರವಣಿಗೆಯಲ್ಲಿ ಅವಳೇ ರಾಣಿ. ನಬ್ಬಿನ್ ಎಂಬ ಕಾರ್ಟೂನ್ ಬಾತುಮರಿಯ ಬಲೂನು, ನಾಲ್ಕಂತಸ್ತಿನ ಮನೆಯಷ್ಟು ದೊಡ್ಡದು, ಅವಳು ಊದುವ ಸೀಟಿಯ ಸದ್ದಿಗೆ ತಲೆಬಾಗುತ್ತದೆ. ಹಗ್ಗ ಹಿಡಿದವರೆಲ್ಲ ಮುಂದಕ್ಕೆ ನಡೆದರೆ, ಸಾರಥಿಯಾದ ಅವಳು ಮಾತ್ರ ಬಲೂನಿಗೆ ಮುಖ ಮಾಡಿ ಇಡೀ ದಾರಿ ಹಿಂದುಹಿಂದಕ್ಕೆ ನಡೆಯಬೇಕು.

ಇಷ್ಟಕ್ಕೆ ಅಂಗಡಿ ಕೊಡುವುದೇನು? ಒಂದು ಲೋಟ ಬಿಸಿ ಕೋಕೋ. ತೊಡಿಸಿದ ಹಳದಿ ಅಂಗಿಯನ್ನೂ ಸಂಜೆ ಬಿಚ್ಚಿಸಿಕೊಳ್ಳುತ್ತದೆ! ಬಾತುಮರಿಯ ಬೊಂಬೆ ಮಾರಿ ದುಡ್ಡು ಬಾಚಿಕೊಂಡವರಿಗೆ ಒಂದು ಅಂಗಿ ಭಾರವಾಯಿತೇ? ಒಡೆಟ್ಟಾಳಂತೂ ಕೇಳುವವಳಲ್ಲ. ಬಲೂನಿಗೆ ಅನಿಲ ತುಂಬುವಾಗ ನಬ್ಬಿನ್‌ನ ಕೆನ್ನೆ ಉಬ್ಬಿದರೆ ಇವಳ ಕೆನ್ನೆಯೂ ಉಬ್ಬುತ್ತದೆ. ಅಷ್ಟು ಅಕ್ಕರೆ.

ಈ ವರ್ಷ ಮಂಡಿ ಕೈಕೊಟ್ಟಿತ್ತು. ಗೊತ್ತಾದರೆ ಸೀಟಿ ಕಿತ್ತುಕೊಳ್ಳುತ್ತಾರೆಂದು ಪ್ಯಾಂಟಿನೊಳಗೆ ಪಟ್ಟಿ ಬಿಗಿದುಕೊಂಡು ಬಂದಿದ್ದಳು. ಎಲ್ಲರ ಕಣ್ಣು ತಪ್ಪಿಸಬಹುದು, ಶರೀನಳದ್ದಲ್ಲ. ತಮ್ಮನ ಮಗಳು, ಬದಲಿ ಸಾರಥಿಯಾಗಿ ಪಳಗಿದವಳು, ಮುಂದಿನ ಸಾಲಿನಲ್ಲೇ ಹಗ್ಗ ಹಿಡಿದಿದ್ದಳು.

“ಅತ್ತೆ, ಕುಂಟ್ತಿದೀಯ.”

“ಕುಣೀತಿದೀನಿ ಕಣೆ. ಮೆರವಣಿಗೆ ಅಲ್ವಾ?”

“ಸೀಟಿ ನಂಗೆ ಕೊಡು.”

“ನಾನು ಸತ್ಮೇಲೆ ತಗೋ.”

ಪಕ್ಕದ ಹಗ್ಗದ ಸಾಲ್ ಡಿಮೇಯೊ ನಕ್ಕ. “ನಿಮ್ಮತ್ತೆ ಸತ್ರೂ ಪೆಟ್ಟಿಗೆ ಒಳಗಿಂದ ಊದ್ತಾಳೆ ಬಿಡು!”

ಆರನೇ ಅವೆನ್ಯೂಗೆ ತಿರುಗುವಲ್ಲಿ ಅಡ್ಡರಸ್ತೆಯ ಗಾಳಿ ನುಗ್ಗಿತು. ನಬ್ಬಿನ್ ದೀಪದ ಕಂಬದತ್ತ ವಾಲಿತು. “ಕೆಳಗೆಳೀರಿ!” ಎಂದು ಕೈಬೀಸುತ್ತ ಒಡೆಟ್ಟಾ ಬಿರುಸಾಗಿ ಹಿಂದೆ ಹೆಜ್ಜೆಯಿಟ್ಟಳು. ಮಂಡಿ ಮಡಚಿತು. ಬಿದ್ದಳು.

ಒಬ್ಬರೂ ನೋಡಲಿಲ್ಲ. ಬಲೂನು ಹಿಡಿದವರ ಚಟವೇ ಅದು: ಕತ್ತು ಮೇಲೆತ್ತಿ ಬಾತುಮರಿಯ ಮುಖವನ್ನೇ ನೋಡುತ್ತ ನಡೆಯುವುದು. ಆಚೀಚೆಯಿಂದ ಎಲ್ಲರೂ ದಾಟಿ ಹೋದರು. ನಬ್ಬಿನ್‌ನ ಹೊಟ್ಟೆ ಅವಳ ಮೇಲೆ ತೇಲಿಬಂತು. ಇಷ್ಟು ವರ್ಷ ಜೊತೆಯಲ್ಲಿ ನಡೆದರೂ ಅದರ ಅಂಡು ಕಂಡದ್ದು ಇದೇ ಮೊದಲು. ತೇಪೆಯ ಮೇಲೆ ತೇಪೆ.

“ಅಯ್ಯೋ, ನಿಂದೂ ನನ್ನ ಗತಿನೇನೋ ಮರಿ,” ಎಂದಳು. ನೋವಿನಲ್ಲೂ ನಗು ಬಂತು.

ಸೀಟಿ ನಿಂತದ್ದು ಶರೀನಳ ಕಿವಿಗೆ ತಟ್ಟಿತು. ಹಿಂತಿರುಗಿ ನೋಡಿದವಳು “ಅತ್ತೆ!” ಎಂದು ಚೀರಿದಳು. ಅವಳ ಒಂದು ಕೈ ಹಗ್ಗದಿಂದ ಸಡಿಲವಾಯಿತು.

“ಹಗ್ಗ ಬಿಟ್ಟೋ, ಕೊಂದ್ಬಿಡ್ತೀನಿ!” ನೆಲದಿಂದಲೇ ಅಬ್ಬರ.

“ನಿಲ್ರೋ ಎಲ್ರೂ!” ಸಾಲ್ ಕೂಗಿದ. ಬಲೂನು ನಿಂತಿತು, ಗಾಳಿ ನಿಲ್ಲಲಿಲ್ಲ. ಕೊಕ್ಕು ಕಂಬವನ್ನು ಸವರುತ್ತಿತ್ತು. ಕಂಬದ ಮೊನೆ ತಾಗಿ ಹರಿದರೆ ನಬ್ಬಿನ್‌ನ ಕಥೆ ಮುಗಿದಂತೆ. ಹೊಸದು ಹೊಲಿಸುವ ಮನಸ್ಸು ಅಂಗಡಿಗಿಲ್ಲ.

ಒಡೆಟ್ಟಾ ಎದ್ದಳು, ಕುಂಟಿದಳು, ಈ ಬಾರಿ ಮುಚ್ಚಿಡದೆ. ಶರೀನಳ ಹಗ್ಗವನ್ನು ತಾನು ಹಿಡಿದು, ಸೀಟಿಯನ್ನು ಅವಳ ಕೊರಳಿಗೆ ಹಾಕಿದಳು.

“ಇವತ್ತೊಂದಿನ ಅಷ್ಟೇ ಅಲ್ವಾ ಅತ್ತೆ?”

“ಇನ್ಮೇಲೆ ನೀನೇ. ಹೋಗು, ಮರಿ ಕಂಬಕ್ಕೆ ಮುತ್ತಿಡ್ತಿದೆ!”

ಶರೀನ್ ಮುಂದಕ್ಕೋಡಿ, ತಿರುಗಿ ನಿಂತು ಊದಿದಳು. ಹಗ್ಗಗಳು ಜಗ್ಗಿದವು, ನಬ್ಬಿನ್ ತಲೆ ತಗ್ಗಿಸಿ ಕಂಬವನ್ನು ಬಿಟ್ಟಿತು.

ಒಡೆಟ್ಟಾ ತೋಳಿನಿಂದ ಕಣ್ಣೊರೆಸಿಕೊಂಡಳು. “ಜೋರಾಗಿ ಊದೇ!” ಎಂದು ಹಗ್ಗದ ತುದಿಯಿಂದ ಗದರಿದಳು. “ಬೆಳಿಗ್ಗೆ ತಿಂಡಿ ತಿಂದಿಲ್ವಾ?”