ಇಂಗ್ಲೆಂಡಿನ ಐದು ಊರು, ಅಲ್ ನಹ್ದಾದ ಬೆಟ್ಟಿ ಬಾಯಿ

ಇಂಗ್ಲೆಂಡಿನ ಐದು ಪುರಸಭೆಗಳು ಬೇಗ ಒಂದಾಗಲಿ ಎಂದು ಹರಕೆ ಹೊತ್ತವರು ಈ ಭೂಮಿಯ ಮೇಲೆ ಒಬ್ಬರೇ ಇರಬೇಕು. ಅವರು ನಮ್ಮ ಎದುರಿನ ಫ್ಲ್ಯಾಟಿನ ಬೆಟ್ಟಿ ಬಾಯಿ. ಆ ಐದು ಊರುಗಳಲ್ಲಿ ಒಂದನ್ನೂ ಅವರು ನೋಡಿದವರಲ್ಲ, ನೋಡುವ ಆಸೆಯೂ ಅವರಿಗಿಲ್ಲ. ಅವರಿಗೆ ಬೇಕಾದದ್ದು ಅಬುಧಾಬಿ, ಅಲ್ಲಿರುವ ಗಂಡ, ಮಗಳೂ ಸೇರಿ ಮೂವರಿಗೆ ಒಂದು ಮನೆ. ಇಷ್ಟಕ್ಕೆ ಇಂಗ್ಲೆಂಡಿನ ಸರಕಾರದ ಅಪ್ಪಣೆ ಯಾಕೆ ಬೇಕಾಯಿತು ಎಂದು ನಾನೂ ಮೊದಲು ನಕ್ಕಿದ್ದೆ.

ಬೆಟ್ಟಿ ಬಾಯಿ ಶಿರ್ವದ ಕಡೆಯವರು. ನಾನು ರುಬೀನ, ಉಳ್ಳಾಲದ ಬ್ಯಾರಿಗಳ ಮನೆಯವಳು. ದುಬೈಯ ಅಲ್ ನಹ್ದಾದ ಈ ಕಟ್ಟಡದಲ್ಲಿ ನಮ್ಮದು ಎದುರುಬದುರು ಬಾಗಿಲು. ಅವರ ಬಂಗುಡೆ ಮೀನಿನ ಗಸಿ ನಮಗೆ, ನಮ್ಮ ಅಕ್ಕಿರೊಟ್ಟಿ ಪತ್ತಿರ್ ಅವರಿಗೆ. ಬೆಟ್ಟಿ ಬಾಯಿಯ ಗಂಡ ಕ್ಯಾಮಿಲಸ್ ಪೊರ್ಬು ಅಬುಧಾಬಿಯ ಒಂದು ಹೋಟೆಲಿನಲ್ಲಿ ಮದುವೆ, ಪಾರ್ಟಿಗಳ ಹಾಲ್ ನೋಡಿಕೊಳ್ಳುತ್ತಾರೆ. ಹೋಟೆಲಿನವರು ಅವರಿಗೆ ಕೊಟ್ಟದ್ದು ಹಂಚಿಕೊಂಡ ಕೋಣೆಯಲ್ಲಿ ಒಂದು ಮಂಚ. ಕುಟುಂಬಕ್ಕೆ ವೀಸಾ ಮಾಡಿಸುವ ಸಂಬಳ ಅದಲ್ಲ. ಆದ್ದರಿಂದ ಮಗಳು ಟೀನಾ ಅಮ್ಮನ ವೀಸಾದಲ್ಲಿ ದುಬೈಯಲ್ಲಿದ್ದಾಳೆ. ದಿನಾ ಬಸ್ಸಿನಲ್ಲಿ ಹೋಗಿ ಬರಬಹುದಲ್ಲ ಎನ್ನುವವರು ಹೋಟೆಲಿನ ಮದುವೆ ಮುಗಿಯುವ ಹೊತ್ತನ್ನು ಕಂಡವರಲ್ಲ. ಪೊರ್ಬು ಬೇರೆಯವರ ಈದ್, ದೀಪಾವಳಿಯ ಡ್ಯೂಟಿಗಳನ್ನೆಲ್ಲ ತಮ್ಮ ಮೇಲೆ ಹಾಕಿಕೊಂಡು ಭಾನುವಾರದ ರಜೆ ಗಿಟ್ಟಿಸಿಕೊಳ್ಳುತ್ತಾರೆ.

ಆ ಭಾನುವಾರವಾದರೂ ಅವರದಾಗಿತ್ತೇ? ಇಲ್ಲ. ಬೆಟ್ಟಿ ಬಾಯಿಯ ಕೆಲಸ ಫೋನೆತ್ತುವುದು. ಉತ್ತರ ಇಂಗ್ಲೆಂಡಿನ ಒಂದು ಸೀಮೆಯ ಐದು ಪುರಸಭೆಗಳಿಗೆ ಬರುವ ಫೋನು, ಅಲ್ಲಿ ಲೈನು ತುಂಬಿದರೆ ಬರ್ ದುಬೈಯ ಇವರ ಆಫೀಸಿಗೆ ತಿರುಗುತ್ತದೆ. ಭಾನುವಾರ ಅಲ್ಲಿಯವರಿಗೆ ರಜೆ, ಆದ್ದರಿಂದ ಇವರಿಗೆ ಕೆಲಸ, ಅದೂ ಮನೆಯಿಂದಲೇ. ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಕೋಣೆಯ ಬಾಗಿಲು ಹಾಕಿಕೊಳ್ಳಬೇಕು. ಹಿಂದಿನಿಂದ ಸದ್ದು ಕೇಳಬಾರದು ಎಂದು ಕಂಪನಿಯ ಕಟ್ಟುನಿಟ್ಟು. ಟಿವಿ ಇಲ್ಲ, ಮಿಕ್ಸಿ ಇಲ್ಲ, ಕುಕ್ಕರಿನ ಸೀಟಿ ಏಳುವ ಮೊದಲೇ ಗ್ಯಾಸ್ ಆರಿಸಬೇಕು. ವಾರವಿಡೀ ಕಾದು ಬಂದ ಮನುಷ್ಯ ಹೆಂಡತಿಯ ಸ್ವರವನ್ನು ಬಾಗಿಲಿನ ಈಚೆಯಿಂದ ಇಂಗ್ಲಿಷಿನಲ್ಲಿ ಕೇಳುತ್ತಾ ಮೀನು ಹುರಿಯುತ್ತಿದ್ದರು.

ಅಲ್ಲಿಯ ವ್ಯವಸ್ಥೆ ಎಂಥದು ಎಂದು ಬೆಟ್ಟಿ ಬಾಯಿ ನನಗೆ ಒಮ್ಮೆ ಬಿಡಿಸಿ ಹೇಳಿದ್ದರು. "ಕಸ ತೆಗೆಯುವುದು ಊರಿನ ಪುರಸಭೆ. ರಸ್ತೆ, ಶಾಲೆ ಎಲ್ಲ ಅದರ ಮೇಲಿನ ಜಿಲ್ಲೆಯವರದ್ದು. ಕಸದ ಡಬ್ಬ ರಸ್ತೆಯ ಗುಂಡಿಗೆ ಬಿದ್ದರೆ ಯಾರಿಗೆ ಫೋನ್ ಮಾಡುವುದು ಅಂತ ಆ ಜನಕ್ಕೆ ಗೊತ್ತಿಲ್ಲ, ಪಾಪ."

ಈ ಗೋಜಲು ಬೇಡವೆಂದು ಐದೂ ಪುರಸಭೆಗಳನ್ನು ತೆಗೆದು, ಮೇಲಿನ ಜಿಲ್ಲೆಯ ಆಡಳಿತವನ್ನೂ ತೆಗೆದು, ಎಲ್ಲ ಸೇರಿಸಿ ಒಂದೇ ದೊಡ್ಡ ಆಡಳಿತ ಮಾಡುವುದೆಂದು ಅಲ್ಲಿ ಮಾತು ಶುರುವಾಯಿತು. ಅಕ್ಕಪಕ್ಕದ ಸೀಮೆಗಳೂ ಕೂಡಿ ಮೇಲೊಬ್ಬ ಮೇಯರ್. ಇನ್ನು ಮೇಲೆ ಎಲ್ಲದಕ್ಕೂ ಲಂಡನ್ನಿನ ಮುಖ ನೋಡಬೇಕಾಗಿಲ್ಲ, ಅಧಿಕಾರ ಜನರ ಹತ್ತಿರ ಬರುತ್ತದೆ ಎಂದರಂತೆ. ಎಷ್ಟು ಹತ್ತಿರ ಎಂದರೆ ಅಲ್ ನಹ್ದಾದ ನಮ್ಮ ಮಹಡಿಯವರೆಗೆ.

ಬೆಟ್ಟಿ ಬಾಯಿಯ ಸೂಪರ್‌ವೈಸರ್ ನಿಶಾಂತ್ ಕಾರ್ಕಳದ ಹುಡುಗ, ಕೆಟ್ಟವನಲ್ಲ. ಅವನೇ ಮಾತು ಕೊಟ್ಟದ್ದು. ಐದು ಒಂದಾದರೆ ಐದು ಲೈನುಗಳೂ ಒಂದಾಗುತ್ತವೆ, ಲೈನಿಗೊಬ್ಬರಂತೆ ಐದು ಜನ ಬೇಡ. ಅಬುಧಾಬಿಯಲ್ಲಿ ಕಂಪನಿ ಒಂದು ಆಸ್ಪತ್ರೆಯ ಫೋನು ನೋಡಿಕೊಳ್ಳುತ್ತದೆ, ನಿಮ್ಮನ್ನು ಅಲ್ಲಿಗೆ ಹಾಕುತ್ತೇನೆ ಎಂದ. ಅಂದಿನಿಂದ ನಮ್ಮ ಬೆಟ್ಟಿ ಬಾಯಿಗೆ ಇಂಗ್ಲೆಂಡಿನ ರಾಜಕೀಯದ ಹುಚ್ಚು ಹಿಡಿಯಿತು. ಒಂದು ಊರಿನವರು ನಮ್ಮನ್ನು ಸೇರಿಸಬೇಡಿ ಎಂದು ಮೆರವಣಿಗೆ ಮಾಡಿದರೆ ಇವರು ಇಲ್ಲಿ ಊಟ ಬಿಡುತ್ತಿದ್ದರು. ತೀರ್ಮಾನ ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. ಕೊನೆಗೆ ಏಪ್ರಿಲ್ ಒಂದಕ್ಕೆ ಹೊಸ ಆಡಳಿತ ಎಂದು ಗಟ್ಟಿಯಾಯಿತು.

ಅದೇ ಏಪ್ರಿಲಿಗೆ ಇಲ್ಲಿಯ ನಮ್ಮ ಇಂಡಿಯನ್ ಶಾಲೆಗಳ ಹೊಸ ವರ್ಷ. ಟೀನಾ ಹತ್ತನೆಯದು ಮುಗಿಸಿದ್ದಳು. ಅಬುಧಾಬಿಯ ಶಾಲೆಯೊಂದರಲ್ಲಿ ಹನ್ನೊಂದಕ್ಕೆ ಸೀಟು ಸಿಕ್ಕಿತು. ಹನ್ನೊಂದಕ್ಕೆ ಎಲ್ಲಿ ಸೇರಿದರೋ ಹನ್ನೆರಡು ಮುಗಿಯುವವರೆಗೆ ಅಲ್ಲೇ, ನಡುವೆ ಶಾಲೆ ಬದಲಿಸುವುದು ಆಗುಹೋಗುವ ಮಾತಲ್ಲ. ಗಲ್ಫಿನಲ್ಲಿ ಮಕ್ಕಳನ್ನು ಸಾಕಿದವರಿಗೆಲ್ಲ ಇದು ಗೊತ್ತು. ಪೊರ್ಬು ಅಲ್ಲಿ ಒಂದು ಮನೆಯನ್ನೂ ನೋಡಿ ಬಂದರು. ಬಾಲ್ಕನಿ ಉಂಟು, ಒಣಮೀನು ಹಾಕ್ಲಿಕ್ಕೆ ಆಗ್ತದೆ ಎಂದು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಇನ್ನು ಬೆಟ್ಟಿ ಬಾಯಿ ತಾವೇ ತೋಡಿಕೊಂಡ ಗುಂಡಿಯ ಕಥೆ. ಫೋನಿನಲ್ಲಿ ಹೆಸರು ಹೇಳಬಾರದು, 'ಗ್ರಾಹಕ ಸೇವೆ' ಎನ್ನಬೇಕು ಎಂಬುದು ಕಂಪನಿಯ ನಿಯಮ. ಆದರೆ ನಾವು ಗಲ್ಫಿನ ಜನ ಬದುಕುವ ರೀತಿಯೇ ಬೇರೆ. ವೀಸಾದ ಅರ್ಜಿ ಟೈಪ್ ಮಾಡಿಸಲು ಹೋದರೆ ಝಹೀರನನ್ನು ಕೇಳಿ, ಕ್ಲಿನಿಕ್ಕಿಗೆ ಹೋದರೆ ಮಾರ್ಟಿನಾ ಇದ್ದಾಳೆ ಎನ್ನುತ್ತೇವೆ. ಕೌಂಟರಿನ ಒಳಗೆ ನಮ್ಮ ಜನ ಒಬ್ಬರಿದ್ದರೆ ಅರ್ಧ ಕೆಲಸ ಆದ ಹಾಗೆ. ಬೆಟ್ಟಿ ಬಾಯಿ ಇದೇ ಕ್ರಮವನ್ನು ಇಂಗ್ಲೆಂಡಿಗೂ ಹಚ್ಚಿದರು. ಫೋನ್ ಮಾಡಿದ ಮುದುಕ ಮುದುಕಿಯರಿಗೆಲ್ಲ, ಮತ್ತೆ ತೊಂದರೆಯಾದರೆ ಬೆಟ್ಟಿಯನ್ನು ಕೇಳಿ, ನಾನು ನೋಡಿಕೊಳ್ಳುತ್ತೇನೆ ಎಂದುಬಿಟ್ಟರು. ಬೆಟ್ಟಿ ಎಂಬುದು ಅಲ್ಲಿಯೂ ಅಜ್ಜಿಯಂದಿರ ಹೆಸರು. ಆ ಜನ ಇವರನ್ನು ಪಕ್ಕದ ಊರಿನವರು ಎಂದೇ ತಿಳಿದರು. ನಿಮ್ಮಲ್ಲಿ ಮಳೆ ಉಂಟಾ ಎಂದು ಕೇಳಿದರೆ, ಈಗಷ್ಟೇ ಬಿಟ್ಟಿತು ಎಂದು ಈ ಮಹಾತಾಯಿ ಉರಿಬಿಸಿಲಿನಲ್ಲಿ ಕೂತು ಹೇಳುತ್ತಿದ್ದರು.

ಹೊಸ ಆಡಳಿತ ಬಂತು. ಊರಿನ ಕಚೇರಿಗಳಿಗೆ ಬೀಗ ಬಿತ್ತು, ಬೋರ್ಡುಗಳು ಬದಲಾದವು. ದೊಡ್ಡ ಪಟ್ಟಣದ ದೊಡ್ಡ ಕಟ್ಟಡದಲ್ಲಿ ಯಾರನ್ನು ಕೇಳುವುದೆಂದು ಆ ವಯಸ್ಸಾದವರಿಗೆ ತಿಳಿಯಲಿಲ್ಲ. ತಿಳಿದದ್ದು ಒಂದೇ ಹೆಸರು. ಎಲ್ಲ ಕಡೆಯಿಂದಲೂ 'ಬೆಟ್ಟಿಯನ್ನು ಕೊಡಿ' ಎಂಬ ಒಂದೇ ಸೊಲ್ಲು.

ಮೊದಲ ವಾರ ಕಳೆಯುವುದರೊಳಗೆ ನಿಶಾಂತ್ ಬೆಟ್ಟಿ ಬಾಯಿಯ ಮನೆಗೆ ಕೇಕ್ ತಂದ. ಕೇಕ್ ಕಂಡಾಗಲೇ ನನಗೆ ಸಂಶಯ ಬಂದಿತ್ತು, ಈ ಊರಿನಲ್ಲಿ ಕಂಪನಿಯವರು ಸುಮ್ಮನೆ ಕೇಕ್ ತರುವುದಿಲ್ಲ.

"ಬಾಯಿ, ಅಲ್ಲಿಯವರು ನಿಮ್ಮನ್ನೇ ಕೇಳಿದ್ದಾರೆ," ಎಂದ. "ಬೇರೆ ನಾಲ್ಕು ಲೈನಿನವರನ್ನು ತೆಗೆದ್ರು. ಬೆಟ್ಟಿ ಇರಬೇಕು ಅಂತ ಕಾಂಟ್ರಾಕ್ಟಲ್ಲೇ ಹಾಕಿಸಿದ್ದಾರೆ. ನನ್ನ ಕೈಯಲ್ಲಿ ಎಂತದೂ ಇಲ್ಲ."

"ಎಷ್ಟು ಸಮಯ ನಿಶಾಂತ್?" ಎಂದು ಬೆಟ್ಟಿ ಬಾಯಿ ಕೇಳಿದರು.

"ಅದು ಗೊತ್ತಿಲ್ಲ ಬಾಯಿ."

ನಾಲ್ಕು ಜನರ ಕೆಲಸ ಹೋದದ್ದು ನೋಡಿದರೆ ಇವರು ಅದೃಷ್ಟವಂತರೇ. ಹಾಗೆಂದೇ ಎಲ್ಲರೂ ಹೇಳಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಹೇಳುವ ಹಾಗೂ ಇರಲಿಲ್ಲ. ಕೆಲಸ ಬಿಟ್ಟರೆ ವೀಸಾ ಹೋಯಿತು, ವೀಸಾ ಹೋದರೆ ಟೀನಾಳದ್ದೂ ಹೋಯಿತು. ಅಬುಧಾಬಿಯಲ್ಲಿ ಬೇರೆ ಕೆಲಸ ಹುಡುಕಿದ್ದೂ ಆಗಿತ್ತು, ಐವತ್ತು ಸಮೀಪಿಸಿದ ಹೆಂಗಸಿಗೆ ಫೋನಿನ ಕೆಲಸ ಕೊಡುವವರಿಲ್ಲ. ಅಬುಧಾಬಿಯ ಸೀಟು ಕೈಬಿಟ್ಟು ಟೀನಾ ಇಲ್ಲಿಯ ಹಳೆಯ ಶಾಲೆಗೇ ಸೇರಿದಳು. "ಇಟ್ಸ್ ಓಕೆ, ಮಮ್ಮಾ," ಎಂದಳು. ಆ ಹುಡುಗಿ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಇನ್ನೆರಡು ವರ್ಷ ಯಾರೂ ಎಲ್ಲಿಗೂ ಅಲುಗಾಡುವ ಹಾಗಿಲ್ಲ ಎಂದಾಯಿತು.

ನನಗೆ ತಡೆಯಲಾಗಲಿಲ್ಲ. "ನೀವು ಒಳ್ಳೆ ಮಾತಾಡಿದ್ದೇ ತಪ್ಪು," ಎಂದೆ. "ಇನ್ನು ಸ್ವಲ್ಪ ಜೋರು ಮಾಡಿ. ಬೆಟ್ಟಿ ಇಲ್ಲ, ಖಲಾಸ್ ಅಂತ ಹೇಳಿ. ಹತ್ತು ಸಲ ಹೇಳಿದ್ರೆ ಅವರೇ ಮರೀತಾರೆ. ಆಮೇಲೆ ಕಾಂಟ್ರಾಕ್ಟಲ್ಲಿ ನಿಮ್ಮ ಹೆಸರು ಯಾಕೆ ಬೇಕು? ಟೀನಾಳ ಹನ್ನೆರಡು ಮುಗಿಯುವಾಗ ಆದ್ರೂ ಅಬುಧಾಬಿಗೆ ಹೋಗ್ಬಹುದು."

"ಸುಳ್ಳು ಹೇಳ್ಬೇಕಾ ರುಬೀನ?"

"ಮಳೆ ಬಂತು ಅಂತ ಹೇಳ್ಲಿಕ್ಕೆ ಆಗ್ತದೆ ನಿಮಗೆ. ಇದು ಆಗುದಿಲ್ವಾ?"

ಬೆಟ್ಟಿ ಬಾಯಿ ನಗಲಿಲ್ಲ. ಆಗಲಿ, ಹೇಳುತ್ತೇನೆ ಎಂದರು. ಪೊರ್ಬುವಿಗೂ ಫೋನಿನಲ್ಲಿ ಅದನ್ನೇ ಹೇಳಿದರಂತೆ.

ಮುಂದಿನ ಭಾನುವಾರ ಪೊರ್ಬು ಬಂದಿದ್ದರು. ಮಧ್ಯಾಹ್ನ ನಾನು ಪತ್ತಿರ್ ಕೊಡಲು ಹೋದಾಗ ಅವರು ಹಾಲಿನಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಆ ದಿನ ಕೋಣೆಯ ಬಾಗಿಲು ಅರ್ಧ ತೆರೆದೇ ಇತ್ತು. ಸದ್ದು ಮಾಡಬೇಡಿ ಎಂದು ಅವರು ನನಗೆ ಬೆರಳು ತೋರಿಸಿದರು, ಪಕ್ಕದ ಕುರ್ಚಿಯನ್ನೂ ತೋರಿಸಿದರು. ಇಬ್ಬರೂ ಕಿವಿಗೊಟ್ಟು ಕೂತೆವು. ಒಳಗೆ ಬೆಟ್ಟಿ ಬಾಯಿ ಎರಡು ಫೋನುಗಳಿಗೆ ಒಣ ದನಿಯಲ್ಲಿ, ಬೆಟ್ಟಿ ಇಲ್ಲಿ ಇಲ್ಲ, ನಿಮಗೇನು ಬೇಕು ಎಂದು ಕೇಳಿ ಕೆಲಸ ಮುಗಿಸಿದರು. ಪೊರ್ಬು ನನ್ನನ್ನು ನೋಡಿ ತಲೆಯಾಡಿಸಿದರು. ಗೆದ್ದೆವು ಎಂದೇ ನಾನು ತಿಳಿದೆ.

ಮೂರನೆಯ ಫೋನಿಗೂ, ಬೆಟ್ಟಿ ಕೆಲಸ ಬಿಟ್ಟಿದ್ದಾರೆ ಎಂದರು. ಆಮೇಲೆ ಆ ಕಡೆಯವರು ಏನೋ ಹೇಳುತ್ತಲೇ ಇದ್ದಿರಬೇಕು. ಬೆಟ್ಟಿ ಬಾಯಿ ಒಂದು ಕೈಯಲ್ಲಿ ಹೆಡ್‌ಸೆಟ್ ಒತ್ತಿಕೊಂಡು ಇನ್ನೊಂದರಲ್ಲಿ ಕಣ್ಣು ಒರೆಸಿಕೊಳ್ಳುವುದು ಬಾಗಿಲ ಸಂದಿನಿಂದ ಕಂಡಿತು. ಅದು ಗಂಡ ಸತ್ತು ಒಂಟಿಯಾದ ಮುದುಕಿ, ಆಗಾಗ ಫೋನ್ ಮಾಡುವವಳು ಎಂದು ಆಮೇಲೆ ತಿಳಿಯಿತು. ಅವಳ ಊರಿನ ಕಚೇರಿ ಮುಚ್ಚಿತ್ತು, ಅಂಚೆ ಕಚೇರಿ ಮೊದಲೇ ಮುಚ್ಚಿತ್ತು. ಈಗ ಬೆಟ್ಟಿಯೂ ಹೋದಳೇ, ಹೋಗುವ ಮೊದಲು ನನಗೊಂದು ಮಾತು ಹೇಳಬಾರದಿತ್ತೇ ಎಂದು ಅತ್ತಳಂತೆ.

"ಅಳಬೇಡಿ," ಎಂದು ಬೆಟ್ಟಿ ಬಾಯಿ ಇಂಗ್ಲಿಷಿನಲ್ಲಿ ಹೇಳುವುದು ನಮಗೆ ಸ್ಪಷ್ಟವಾಗಿ ಕೇಳಿಸಿತು. "ನಾನೇ ಬೆಟ್ಟಿ. ಇಲ್ಲೇ ಇದ್ದೇನೆ. ನಾನು ಎಲ್ಲಿಗೂ ಹೋಗುವುದಿಲ್ಲ."

ಪೊರ್ಬು ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿದರು. ಬಾಗಿಲಿನ ಕಡೆ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಎದ್ದು ಕೈ ತೊಳೆದು, ಅಬುಧಾಬಿಯ ಆ ಮನೆ ಬೇಡ ಎಂದು, ಈವರೆಗೆ ಹೇಳಿರದ ಮಾತನ್ನು, ಅದರ ಯಜಮಾನನಿಗೆ ಫೋನ್ ಮಾಡಿ ಹೇಳಲು ಹೊರಗೆ ಲಿಫ್ಟಿನ ಹತ್ತಿರ ಹೋದರು, ಇಲ್ಲಿ ಮಾತಾಡಿದರೆ ಒಳಗೆ ಸದ್ದು ಕೇಳುತ್ತದೆಂದು.